ದೋಣಿ ಕಟ್ಟುವ ಹೊತ್ತು

"ಇವತ್ತು ಹೇಳಲೇಬೇಕು ಐಡಾ. ಇಕಾಮಾ ರಿನ್ಯೂ ಮಾಡಿ ಇಲ್ಲೇ ಇರುವುದಾ, ಎಕ್ಸಿಟ್ ಹಾಕಿಸಿ ಊರಿಗೇ ಹೋಗಿಬಿಡುವುದಾ? ಆಫೀಸಿನಲ್ಲಿ ದಿನಾ ಕೇಳ್ತಾರೆ," ಎಂದ ಲ್ಯಾನ್ಸಿ, ಸೋಫಾದ ಅಡಿಯಲ್ಲಿ ಶೂ ಹುಡುಕುತ್ತ.

"ನಿಮಗೆ ಹೇಗೆ ಕಾಣ್ತದೋ ಹಾಗೆ," ಎಂದಳು ಐಡಾ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. ಮದುವೆಯಾಗಿ ಸೌದಿಯ ಅಲ್ ಖೋಬರಿಗೆ ಬಂದಂದಿನಿಂದ ಇದೊಂದೇ ಉತ್ತರ ಕೊಟ್ಟು ಪಾರಾಗುತ್ತ ಬಂದವಳು ಅವಳು.

"ನನಗೆ ಕಾಣುವುದು ಇನ್ನೆರಡು ವರ್ಷ ಇರುವ ಅಂತ. ಊರಿಗೆ ಹೋಗಿ ಎಂತ ಮಾಡುವುದು? ನಮಗೆ ಕಾದು ಕೂತವರು ಯಾರಿದ್ದಾರೆ ಅಲ್ಲಿ?"

ಮಾತು ಚುಚ್ಚಿತು, ಆದರೆ ಸುಳ್ಳಾಗಿರಲಿಲ್ಲ. ಹಿರಿಯರೆಲ್ಲ ಇಗರ್ಜಿಯ ಮಣ್ಣು ಸೇರಿದ್ದರು, ಮಗಳು ಕೆನಡಾ ಸೇರಿದ್ದಳು. ಉಡುಪಿಯ ಫ್ಲ್ಯಾಟಿನಲ್ಲಿ ಇವರ ದಾರಿ ನೋಡುವುದಕ್ಕೆ ಇದ್ದದ್ದು ಬೀಗ ಒಂದೇ. ಐಡಾ ತನ್ನ ಕೆಲಸಕ್ಕೆ ತಿರುಗಿದಳು.

ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಅವಳು ಚೀನಾದ ಒಂದು ಕೋಚಿಂಗ್ ಕೇಂದ್ರಕ್ಕೆ ಮನೆಯಲ್ಲೇ ಕುಳಿತು ಪ್ರಶ್ನೆಪತ್ರಿಕೆ ಬರೆದುಕೊಡುತ್ತಿದ್ದಳು. ಡಾಕ್ಟರೇಟಿಗೆ ಸೇರಬಯಸುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗೆ ಅದು ತಾಲೀಮು. ಒಂದು ವಾಕ್ಯ ಬರೆದು ನಡುವೆ ಜಾಗ ಬಿಡಬೇಕು, ಕೆಳಗೆ ನಾಲ್ಕು ಪದ ಕೊಡಬೇಕು. ಮೂರು ತಪ್ಪಾಗಿರಬೇಕು, ಆದರೆ ತಪ್ಪೆಂದು ಸುಲಭದಲ್ಲಿ ಗೊತ್ತಾಗಬಾರದು. ಪದಗಳೋ, ಇಂಗ್ಲಿಷರೇ ಮರೆತು ಬಿಟ್ಟಂಥವು. ಬೇರೆಯವರು ವಿಜ್ಞಾನಿಗಳ ಬಗ್ಗೆ, ಮಾರುಕಟ್ಟೆಯ ಬಗ್ಗೆ ವಾಕ್ಯ ಹೊಸೆಯುತ್ತಿದ್ದರು. ಐಡಾಳಿಗೆ ಅದು ಬರುತ್ತಿರಲಿಲ್ಲ. ಹಟ ಎಂಬರ್ಥಕ್ಕೆ ಹತ್ತಿರದ, ಆದರೆ ಅದಕ್ಕಿಂತ ಮರ್ಯಾದಸ್ಥ ಪದವೊಂದಕ್ಕೆ ವಾಕ್ಯ ಬೇಕೆಂದರೆ ಅವಳ ಮುಂದೆ ಬಂದು ನಿಲ್ಲುತ್ತಿದ್ದುದು ಹೊಳೆ ನಡುವೆ ಅವಳು ಹುಟ್ಟಿ ಬೆಳೆದ ಕುದ್ರು, ದೋಣಿ ತಂಗುವ ಅದರ ಕಡವು, ಅಂಬಿಗ ಕುಂಞಣ್ಣ. ಒಮ್ಮೆ ಅವಳ ಪ್ರಶ್ನೆಪತ್ರಿಕೆ ಓದಿದ ಲ್ಯಾನ್ಸಿ, "ಇದೆಂತ, ಬರೇ ನೀರು. ಪರೀಕ್ಷೆ ಬರೆಯುವವರಿಗೆ ಶೀತ ಆದೀತು," ಎಂದು ನಕ್ಕಿದ್ದ.

ಕುಂಞಣ್ಣನದು ಒಂದು ಕ್ರಮವಿತ್ತು. ಬೆಳಿಗ್ಗೆ ತಾನು ದಾಟಿಸಿದವರೆಲ್ಲ ಹಿಂದೆ ಬರುವ ತನಕ ಅವರು ದೋಣಿ ಕಟ್ಟುತ್ತಿರಲಿಲ್ಲ. ಇಗರ್ಜಿಯಲ್ಲಿ ಕ್ವಾಯರ್ ಹಾಡಿನ ಅಭ್ಯಾಸ ಮುಗಿಸಿ ತಡವಾದ ದಿನ ಹುಡುಗಿ ಐಡಾ ಆಚೆ ದಡದಲ್ಲಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂ ಹಾಕುತ್ತಿದ್ದಳು. ಮಬ್ಬುಗತ್ತಲೆಯ ಹೊಳೆಯಿಂದ ಕೂಡಲೇ ಇನ್ನೊಂದು ಕೂ ಬರುತ್ತಿತ್ತು. ಅಲ್ಲಿಗೆ ಅವಳ ಹೆದರಿಕೆಯೆಲ್ಲ ಇಳಿದುಹೋಗುತ್ತಿತ್ತು. ಕುಂಞಣ್ಣ ಬೈದವರಲ್ಲ. "ಬಂದಿಯಾ ಮಗಾ? ಇನ್ನು ದೋಣಿ ಕಟ್ಟಬಹುದು," ಎನ್ನುತ್ತಿದ್ದರು, ಅಷ್ಟೆ.

ವಾರಕ್ಕೊಮ್ಮೆ ಅಭ್ಯರ್ಥಿಗಳ ಸಂದೇಹಗಳು ಬರುತ್ತಿದ್ದವು. ಎರಡನೆಯ ಪದ ಯಾಕೆ ಆಗದು, ಮೂರನೆಯದೇ ಯಾಕೆ ಸರಿ ಎಂಬಂಥವು. ಇವತ್ತಿನ ಸಂದೇಹಗಳಿಗೆ ಒಂದೊಂದಾಗಿ ಉತ್ತರಿಸುತ್ತ ಬಂದ ಐಡಾ ವೆನ್ ಎಂಬವನ ಪತ್ರದ ಮುಂದೆ ನಿಂತಳು. ಭೂಗರ್ಭಶಾಸ್ತ್ರದಲ್ಲಿ ಡಾಕ್ಟರೇಟಿಗೆ ಹೊರಟ ಹುಡುಗ.

"ಮಾನ್ಯ ಶಿಕ್ಷಕರೇ, ನನ್ನ ಉತ್ತರಗಳೆಲ್ಲ ಸರಿಯಾಗಿವೆ. ಸಂದೇಹ ಬೇರೆ. ಒಂಬತ್ತನೆಯ ಪ್ರಶ್ನೆಯ ಅಂಬಿಗ, ತಾನು ದಾಟಿಸಿದವರೆಲ್ಲ ಹಿಂದಿರುಗುವ ತನಕ ದೋಣಿ ಕಟ್ಟುವುದಿಲ್ಲ. ಇಪ್ಪತ್ತೇಳನೆಯ ಪ್ರಶ್ನೆಯಲ್ಲಿ ಹೊಸ ಮದುಮಗಳೊಬ್ಬಳು ಪೆಟ್ಟಿಗೆ ಹಿಡಿದುಕೊಂಡು ಅದೇ ದೋಣಿಯಲ್ಲಿ ದಾಟಿ ದೂರದೇಶಕ್ಕೆ ಹೋಗುತ್ತಾಳೆ. ಅವಳು ಹಿಂದಿರುಗಿದ್ದು ಯಾವ ಪ್ರಶ್ನೆಯಲ್ಲಿದೆ? ಎಲ್ಲ ಹುಡುಕಿದೆ, ಸಿಗಲಿಲ್ಲ. ನನ್ನ ಪ್ರತಿಯಲ್ಲಿ ಕೊನೆಯ ಪುಟ ಬಿಟ್ಟುಹೋಗಿದೆಯೇ?"

ಐಡಾಳಿಗೆ ಮೊದಲು ನಗು ಬಂತು. ಮತ್ತೊಮ್ಮೆ ಓದಿದಾಗ ಅಕ್ಷರಗಳು ಕಾಣಿಸಲಿಲ್ಲ. ಮದುವೆಯಾಗಿ ಹೊರಟ ಆ ಬೆಳಿಗ್ಗೆ ಕುಂಞಣ್ಣ ಅವಳ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟು ತಂದು ಆಚೆ ದಡದಲ್ಲಿ, ಒಣಗಿದ ಜಾಗ ನೋಡಿ ಇಳಿಸಿದ್ದರು. "ಹೋಗಿ ಬಾ," ಎಂದಿದ್ದರು. ಅವಳ ಮೊದಲ ರಜೆಯ ಹೊತ್ತಿಗೆ ಹೊಳೆಗೆ ಸೇತುವೆಯಾಗಿತ್ತು, ಮಂಗಳೂರು ಏರ್‌ಪೋರ್ಟಿನಿಂದ ಹೊರಟ ಟ್ಯಾಕ್ಸಿ ನೇರ ತವರಿನ ಅಂಗಳಕ್ಕೇ ಬಂದು ನಿಂತಿತು. ಕಡವಿನ ಕಡೆಗೆ ಹೋಗುವ ನೆಪವೇ ಇಲ್ಲದಾಯಿತು. ಸೇತುವೆಯಾದ ಮೇಲೆ ಕುಂಞಣ್ಣನ ಕೆಲಸ ಹೋಯಿತು, ಕೆಲವು ಮಳೆಗಾಲ ಕಳೆದು ಅವರೂ ಹೋದರು. ಆಮೇಲೆಯೂ ಅವಳು ಎಷ್ಟೋ ಸಲ ಊರಿಗೆ ಹೋಗಿದ್ದಳು, ನಿಜ. ಆದರೆ ರಿಟರ್ನ್ ಟಿಕೆಟನ್ನು ಪರ್ಸಿನಲ್ಲಿಟ್ಟುಕೊಂಡು ಹೋದವರು ನೆಂಟರು. ಅದನ್ನು ಹಿಂದಿರುಗುವುದು ಎಂದು ಯಾರು ಹೇಳುತ್ತಾರೆ?

ಅವಳು ವೆನ್‌ಗೆ ಎರಡೇ ಸಾಲು ಬರೆದಳು. "ನಿಮ್ಮ ಪ್ರತಿ ಸರಿಯಾಗಿಯೇ ಇದೆ. ಆ ಪ್ರಶ್ನೆಯನ್ನು ನಾನು ಇನ್ನೂ ಬರೆದಿಲ್ಲ."

ಲ್ಯಾನ್ಸಿಯನ್ನು ದಮ್ಮಾಮಿನ ಆಫೀಸಿಗೆ ಕರೆದೊಯ್ಯುವ ಕಾರು ಕೆಳಗೆ ಹಾರ್ನ್ ಹಾಕಿತು. ಅವನು ಬಾಗಿಲು ತೆರೆದ. "ಹಾಗಾದರೆ ರಿನ್ಯೂ ಅಂತಲೇ ಹೇಳ್ತೇನೆ."

"ಬೇಡ. ಎಕ್ಸಿಟ್ ಹಾಕಿಸಿ."

ಲ್ಯಾನ್ಸಿ ಹೊಸ್ತಿಲಲ್ಲೇ ತಿರುಗಿ ನಿಂತ. ಇಷ್ಟು ವರ್ಷಗಳಲ್ಲಿ ಅವಳು ಬೇಡವೆಂದದ್ದನ್ನು ಅವನು ಕೇಳಿದ್ದೇ ಇಲ್ಲ. "ಎಂತ ಆಯ್ತು ನಿನಗೆ?"

"ಕುಂಞಣ್ಣ ಇನ್ನೂ ದೋಣಿ ಕಟ್ಟಲಿಲ್ಲ."

"ಅವರು ತೀರಿಹೋಗಿ ಎಷ್ಟು ಕಾಲ ಆಯ್ತು, ಮಾರಾಯ್ತಿ."

"ಗೊತ್ತುಂಟು," ಎಂದಳು ಐಡಾ, ಲ್ಯಾಪ್‌ಟಾಪ್ ಮುಚ್ಚುತ್ತ. "ಆದರೆ ನಾನಿನ್ನೂ ಕೂ ಹಾಕಲಿಲ್ಲ ಅಲ್ವಾ?"