ಕೆರೆದಂಡೆಯ ಓಟ

ತಂಗಿಗೆ ಲಿವರ್ ಕೊಡಬೇಕಾದರೆ ಮೊದಲು ಹದಿನೈದು ಕಿಲೋ ಇಳಿಸಬೇಕೆಂದು ಡಾಕ್ಟರು ಹೇಳಿದ ಮರುದಿನವೇ ಕಂಡಕ್ಟರ್ ಈರಣ್ಣ ಓಡಲು ಶುರು ಮಾಡಿದ. ಕೆರೆದಂಡೆಯ ಮೇಲೆ ಅವನನ್ನು ಓಡಿಸುವ ಹೊಣೆ ಹೊತ್ತವರು ನಿವೃತ್ತ ಡ್ರಿಲ್ ಮಾಸ್ತರ್ ಮೆಹಬೂಬಸಾಬರು. ಮೊದಲ ವಾರ ನೂರು ಹೆಜ್ಜೆಗೇ ಏದುಸಿರು ಬಿಟ್ಟು ಕುಸಿದು ಕೂತವನು, ಐದನೇ ತಿಂಗಳಿಗೆ ಇಪ್ಪತ್ತೊಂದು ಕಿಲೋಮೀಟರ್ ಓಡಿ ಮುಗಿಸಿದ. ಈಚೆಗಂತೂ ಮಾತೇ ಆಡದೆ, ಹಟ ಹಿಡಿದವನಂತೆ ಓಡುತ್ತಿದ್ದ. ಮಾಸ್ತರರಿಗೆ ತಮ್ಮ ಮಗನೇ ಗೆದ್ದಷ್ಟು ಹಿಗ್ಗು.

"ಶಾಬಾಸ್ ಈರಣ್ಣ! ತೂಕಾನೂ ಇಳೀತು. ಇನ್ನ ಡಾಕ್ಟರು ಬ್ಯಾಡ ಅನ್ನಂಗಿಲ್ಲ. ಆಪರೇಷನ್ ಯಾವಾಗ?"

ಈರಣ್ಣ ಕೆರೆಯ ಕಡೆ ಮುಖ ತಿರುಗಿಸಿ ಬೆವರು ಒರೆಸಿಕೊಂಡ.

"ತಂಗಿ ತೀರಿಕೊಂಡು ಇವತ್ತಿಗೆ ಹನ್ನೊಂದು ದಿನ ಆತ್ರಿ ಸರ. ನಾಳೆ ಎಷ್ಟು ಗಂಟೆಗೆ ಬರ್ಲಿ?"