ಬಾಯ್ಲರಿನೊಳಗಿನ ಎತ್ತುಗಳು

“ಅಮಾಸಿಗೂ ಬಾಯ್ಲರಿಗೂ ಏನು ಸಂಬಂಧ?”

ಕೇಳಿದ್ದು ಭಾಗ್ಯಶ್ರೀ. ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರ ಬಾಯ್ಲರಿಗೆ ಯಾವಾಗ ಏನು ಮಾಡಬೇಕೆಂದು ಹೇಳಿಕೊಡುವ ಕಂಪ್ಯೂಟರು ಸೋಮವಾರ ಕೆಲಸ ಶುರು ಮಾಡಬೇಕು. ಅನುಭವಿಗಳ ತಿಳಿವಳಿಕೆಯನ್ನು ನಿಯಮಗಳಾಗಿ ಅದರೊಳಗೆ ತುಂಬುವುದು ಅವಳ ಕೆಲಸ. ಮೊದಲಿನಿಂದ ತುಂಬುತ್ತ ಕೂತರೆ ವರ್ಷ ಹಿಡಿದೀತೆಂದು ಅವಳ ಕಂಪನಿಯ ಮಾಲೀಕ ಮಹೇಶಕುಮಾರ ಹಳೆಯ ನಿಯಮಗಳ ಫ್ಲಾಪಿಯೊಂದನ್ನು ತಂದುಕೊಟ್ಟಿದ್ದ; ಬೀದರ್ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆಂದು ಹಿಂದೆ ಯಾರೋ ಮಾಡಿದ್ದು. ಅವಳು ಹಾಗೇ ಇಳಿಸಿಕೊಂಡಿದ್ದಳು. ಇವತ್ತು ಓಡಿಸಿ ನೋಡಿದರೆ ಪರದೆ ಹೇಳುತ್ತಿದೆ: ಇಂದು ಅಮಾವಾಸ್ಯೆ, ಉಗಿ ಅರ್ಧಕ್ಕೆ ಇಳಿಸಿ.

ಪುರಾಣ ಕೇಳುತ್ತ ಬೆಳೆದವಳು ಅವಳು. ಓದುವವರು ಒಂದು ಸಾಲು ಹಾರಿಸಿದರೂ ಮನಸ್ಸು ಅಲ್ಲೇ ನಿಂತುಬಿಡುತ್ತಿತ್ತು. ಈಗಲೂ ನಿಂತಿತು. ತೆಗೆಯೋಣವೆಂದರೆ ಕಾರಣ ಗೊತ್ತಿಲ್ಲ, ಇರಲಿ ಎಂದರೆ ನಗೆಪಾಟಲು.

ಚಹಾ ಹಿಡಿದು ಬಂದ ಮಹೇಶಕುಮಾರ ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯ, ನೀನೂ ನಮ್ಮ ಕಡೆಯಾಕೀನೇ ಅಲ್ಲೇನು? ಅಮಾಸಿ ದಿನ ಯಾರರ ಎತ್ತು ಹೂಡತಾರೇನವಾ? ಬಂಡಿ ಬರಂಗಿಲ್ಲ, ಕಬ್ಬು ಬರಂಗಿಲ್ಲ. ಅಲ್ಲಿ ಬಾಯ್ಲರ್ ಉರಿಯೋದು ಕಬ್ಬಿನ ಸಿಪ್ಪಿಗೆ. ಸಿಪ್ಪಿ ಇಲ್ಲಂದ್ರ ಉಗಿ ಎಲ್ಲಿಂದ ಬರಬೇಕು?”

ಭಾಗ್ಯಶ್ರೀಗೂ ನಗು ಬಂತು. “ನಮ್ಮದಕ್ಕ ಎಣ್ಣಿ ಟ್ಯಾಂಕರಿನಾಗ ಬರತೈತ್ರಿ ಸರ್.”

“ಮತ್ತ? ತೆಗೆದು ಒಗಿ. ಉಳಿದದ್ದೆಲ್ಲಾ ಬರೋಬರಿ ಐತಿ ಅಂತ ಸಹಿ ಮಾಡು. ನಿನ್ನ ನೌಕರೀನೂ ಪಕ್ಕಾ ಆಗತೈತಿ.”

ಅವಳು ಆ ಸಾಲನ್ನು ಅಳಿಸಿದಳು. ಕೆಳಗಿನದು ಮೇಲೆ ಬಂತು. ನಗು ಎಲ್ಲಿ ಹೋಯಿತೋ, ಗಟ್ಟಿಯಾಗಿ ಓದಿದಳು: “ಬಾಯ್ಲರಿನಲ್ಲಿ ನೀರು ಇಳಿದರೆ ಗಾಬರಿ ಬೇಡ, ಅರ್ಧ ಗಂಟೆ ಕಾಯಿರಿ.” ಆಮೇಲೆ ತಿರುಗಿ ಕೇಳಿದಳು, “ಅಲ್ಲಿ ಅರ್ಧ ತಾಸು ಕಾದ್ರ ಏನ್ ಬರತಿತ್ರಿ ಸರ್?”

ಮಹೇಶಕುಮಾರ ತುಟಿಗೆ ತಂದ ಕಪ್ಪನ್ನು ಹಾಗೇ ಹಿಡಿದ. “ಅದು... ಏನೋ ಬರತಿದ್ದೀತು.”

“ಇಲ್ಲಿ ಏನ್ ಬರತೈತ್ರಿ? ಅಷ್ಟರಾಗ ನೀರಿಲ್ಲದ ಬಾಯ್ಲರ್ ಸಿಡದ್ರ?”

“ಅದನ್ನೂ ತೆಗಿ ಹಂಗಾರ. ಉಳಿದವಕ್ಕ ಸಹಿ ಮಾಡು, ತಂಗಿ. ಸೋಮವಾರ ಐತಿ.”

ಅವಳು ಕೆಳಗೆ ಸರಿಸುತ್ತ ಹೋದಳು. ಸಾಲಿನ ಮೇಲೆ ಸಾಲು. ಎಲ್ಲವೂ ಇಳಿಸಿ, ಏರಿಸಿ, ಕಾಯಿರಿ ಎನ್ನುತ್ತವೆ; ಯಾಕೆಂದು ಒಂದೂ ಹೇಳುವುದಿಲ್ಲ. ಇವುಗಳಲ್ಲಿ ಯಾವುದರ ಹಿಂದೆ ಎತ್ತುಗಳು ನಿಂತಿವೆಯೋ.

ಮಹೇಶಕುಮಾರ ಕಿಸೆಯಿಂದ ಪೆನ್ನು ತೆಗೆದು ಅವಳ ಮುಂದಿಟ್ಟ. ಅವಳು ಅದನ್ನು ಅವನತ್ತಲೇ ಉರುಳಿಸಿದಳು.

“ಮಾಡಂಗಿಲ್ರಿ.”