ಜರ್ಕ್ ಹೊಡೆಯುವ ಕಾರು

ಈಚೆಗೆ ಕೊಂಡ ಹಳೆಯ ಆಟೋಮ್ಯಾಟಿಕ್ ಕಾರು ಗೇರ್ ಬದಲಾಗುವಾಗಲೆಲ್ಲ ಜರ್ಕ್ ಹೊಡೆಯುತ್ತಿತ್ತು. ಹೆಂಡತಿ ಅದನ್ನು ಪದೇಪದೇ ಒಬ್ಬಳೇ ಗ್ಯಾರೇಜಿಗೆ ಒಯ್ದು, ನಗುನಗುತ್ತ ಮರಳುತ್ತಿದ್ದಳು. ಜರ್ಕ್ ಮಾತ್ರ ಹಾಗೇ ಇತ್ತು. ಮೆಕ್ಯಾನಿಕ್ ನೋಡಲು ಲಕ್ಷಣವಾಗಿದ್ದ. ಗಂಡನಿಗೆ ಅನುಮಾನ ಬಂತು. ಇಂದು ತಾನೇ ಕಾರನ್ನು ಗ್ಯಾರೇಜಿಗೆ ತಂದ.

"ಅಕ್ಕ ಬರ್ಲಿಲ್ವಾ ಸಾರ್?"

"ಯಾಕೆ, ನಾನು ಬಂದ್ರೆ ರಿಪೇರಿ ಆಗಲ್ವಾ? ಏನಪ್ಪಾ ನಡೀತಿದೆ ನಿಮ್ಮಿಬ್ಬರ ಮಧ್ಯೆ?"

ಮೆಕ್ಯಾನಿಕ್ ತಲೆ ತಗ್ಗಿಸಿದ. "ನಿಮಗೆ ಹೇಳಬಾರದು ಅಂತ ಅಕ್ಕ ಆಣೆ ಹಾಕಿಸಿದಾರೆ."

"ಹೇಳು."

"ಗಾಡಿ ಚೆನ್ನಾಗೇ ಇದೆ ಸಾರ್. ಅಕ್ಕ ಓಡಿಸಿದ್ರೆ ಜರ್ಕ್ ಇಲ್ಲ. ನೀವು ಹಳೇ ಗೇರ್ ಗಾಡಿ ಅಭ್ಯಾಸದಲ್ಲಿ, ಇದ್ರಲ್ಲಿ ಇಲ್ದೇ ಇರೋ ಕ್ಲಚ್ ಅನ್ಕೊಂಡು, ಎಡಗಾಲಲ್ಲಿ ಬ್ರೇಕ್ ತುಳೀತೀರಂತೆ. 'ಹೇಳಿದ್ರೆ ನಮ್ಮ ಯಜಮಾನ್ರಿಗೆ ನೋವಾಗುತ್ತೆ, ಗಾಡೀದೇ ತಪ್ಪು ಅಂತಿರು' ಅಂದಿದ್ರು."